ಅಪ್ಪನ ಸ್ವೆಟರಿನ ಜೇಬು

ಅಪ್ಪನ ಸ್ವೆಟರಿನ ಜೇಬಿನಲ್ಲಿ ಸಿಕ್ಕಿದ ಹನಿ ಕೇಕಿನ ಕಾಗದ ನನ್ನದು. ತಿಂದವನು ನಾನು, ಬೆರಳು ನೆಕ್ಕಿದವನು ನಾನು, ಕಾಗದ ಮಡಚಿ ಅಲ್ಲೇ ತುರುಕಿ ಮರೆತ ದಡ್ಡನೂ ನಾನೇ. ಮನೆಯವರಿಗೆ ಇದು ಗೊತ್ತಾಗಿ ವರ್ಷಗಳಾದವು. ಆದರೆ ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಅಪ್ಪನೇ ಕೇಕ್ ಕಳ್ಳ. ಮದುವೆ ಮನೆಗಳಲ್ಲಿ ಅವರ ದನಿಯಲ್ಲೇ ಆ ಕಥೆ ಆಡಿ ತೋರಿಸಿ ನಗಿಸಿದವನು ನಾನಾದ್ದರಿಂದ, ಇದನ್ನು ನಾನೇ ಬರೆಯಬೇಕು.

ಆಗ ಯಲಹಂಕದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮರ್ಯಾದೆಯ ಮಾತು — ಮೇಷ್ಟ್ರುಗಳ ದನಿ ಕಲಿಯುತ್ತಿದ್ದೆ. ಮನೆ ವಿದ್ಯಾರಣ್ಯಪುರದಲ್ಲಿ. ಕಾರ್ಖಾನೆಯಿಂದ ನಿವೃತ್ತರಾದ ವರ್ಷವೇ ಅಪ್ಪನಿಗೆ ಶುಗರ್ ಬಂತು. ಅಮ್ಮ ಅವತ್ತೇ ಒಂದು ಕಾನೂನು ತಂದಳು: ಅವರಿಗಿಲ್ಲದ್ದು ನಮಗೂ ಬೇಡ. ತನ್ನ ಕಾಫಿಗೂ ಸಕ್ಕರೆ ನಿಲ್ಲಿಸಿದಳು. ನಾನೂ ಎದೆ ತಟ್ಟಿಕೊಂಡು, "ಅಪ್ಪಂಗೋಸ್ಕರ ಅಷ್ಟೂ ಮಾಡ್ದೆ ಇರ್ತೀನಾ?" ಅಂದೆ.

ಕೇಕ್ ಕೊಳ್ಳಬೇಕೆಂದು ನಾನು ಯಾವತ್ತೂ ಹೊರಟವನಲ್ಲ. ಕೊತ್ತಂಬರಿ ಸೊಪ್ಪಿಗೆ ಹೊರಟವನು. ದಾರಿಯಲ್ಲಿ ಬೇಕರಿ, ಗಾಜಿನೊಳಗೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ಪುಡಿ — ಕಾಲು ತಾನಾಗಿ ನಿಲ್ಲುತ್ತಿತ್ತು. 'ಇವತ್ತೊಂದು ದಿನ' ಅಂದುಕೊಳ್ಳುತ್ತಿದ್ದೆ. ವಾರಕ್ಕೆ ಅಂಥ 'ಇವತ್ತೊಂದು ದಿನ' ಐದಾದರೂ ಇರುತ್ತಿದ್ದವು. ಡಿಸೆಂಬರಿನ ಒಂದು ಸಂಜೆ ಚಳಿ ಅಂತ ಅಪ್ಪನ ಸ್ವೆಟರ್ ಹಾಕಿಕೊಂಡು ಹೋದೆ. ಬಂದು ಅದನ್ನು ಅದರ ಗೂಟಕ್ಕೇ ತೂಗುಹಾಕಿದೆ.

ಮರುದಿನ ಒಗೆಯಲು ಹಾಕುವ ಮುಂಚೆ ಅಮ್ಮ ಜೇಬಿಗೆ ಕೈ ಹಾಕಿದಳು. ಜಾಮು ಅಂಟಿದ ಕಾಗದ ಹಿಡಿದುಕೊಂಡು ಹಜಾರಕ್ಕೆ ಬಂದಳು.

"ಏನ್ರೀ ಇದು?"

ಅಪ್ಪ ಕಾಗದ ನೋಡಿದರು, ಸ್ವೆಟರ್ ನೋಡಿದರು. "ನಾನಲ್ಲ ಕಣೇ. ನಿನ್ನಾಣೆ, ನಾನಲ್ಲ."

ಹೇಳಬಹುದಿತ್ತು. ಹೇಳಲೆಂದೇ ಬಾಯಿ ತೆರೆದೆ — ನಂಬಿ — ಆದರೆ ಹೊರಗೆ ಬಂದದ್ದು ಅಪ್ಪನ ದನಿ. ಕೊನೆಗೆ ಮೇಲೇರಿ ಒಡೆಯುವ ಅದೇ ದನಿ.

"ನಾನಲ್ಲ ಕಣೇ, ಸ್ವೆಟರ್ ತಿಂದಿದ್ದು!"

ಅಮ್ಮ ಬಿದ್ದು ಬಿದ್ದು ನಕ್ಕಳು. ಅಪ್ಪನೂ ಸ್ವಲ್ಪ ನಕ್ಕರು. ತೀರ್ಪು ಅಲ್ಲಿಗೆ ಆಗಿಹೋಯಿತು. ಸುಮ್ಮನಿದ್ದಿದ್ದರೆ ಅದು ಬರೀ ಹೇಡಿತನ. ನಾನು ಮಾಡಿದ್ದು — ಅವರ ನಿಜವನ್ನೇ ತಮಾಷೆ ಮಾಡಿಬಿಟ್ಟೆ. ಆಮೇಲೆ ಅಪ್ಪ "ನಾನಲ್ಲ" ಅಂದಾಗಲೆಲ್ಲ ಮನೆ ನಗುತ್ತಿತ್ತು.

"ನಾಳೆಯಿಂದ ಟೆರೇಸ್ ಮೇಲೇ ವಾಕಿಂಗು. ಬೇಕರಿ ಕಡೆ ತಲೆ ಹಾಕ್ಬೇಡಿ," ಅಂದಳು ಅಮ್ಮ. ಬೇಕರಿ ಮುಂದಿನ ಬೆಂಚು ಅಂದರೆ ಅಪ್ಪನಿಗೆ ಸಂಜೆ. ನಿವೃತ್ತ ಕಂಡಕ್ಟರ್ ನಂಜುಂಡಪ್ಪನವರು, ಸಕ್ಕರೆಯಿಲ್ಲದ ಅರ್ಧ ಟೀ, ಊರಿನ ಎಲ್ಲ ರಸ್ತೆ ಅಗೆತದ ಬಗ್ಗೆ ಒಂದು ಗಂಟೆ ವಿಮರ್ಶೆ — ಅದಷ್ಟೂ ನಿಂತುಹೋಯಿತು. ಒಂದು ದಿನ ನಂಜುಂಡಪ್ಪನವರೇ ಗೇಟಿನ ಹತ್ತಿರ ಬಂದು, "ಏನ್ ಸಾರ್, ಹೌಸ್ ಅರೆಸ್ಟಾ?" ಅಂದರು. ಅಪ್ಪ ಕೈ ಅಲ್ಲಾಡಿಸಿ ಮೇಲೆ ಹತ್ತಿಹೋದರು.

ನನಗೂ ಚುಚ್ಚುತ್ತಿತ್ತು. ಹಾಗಾಗಿ ಟೆರೇಸಿಗೆ ಹೋಗಿ, ಒಣಹಾಕಿದ ಸೀರೆಗಳ ನಡುವೆ ಅಪ್ಪನ ಹಿಂದೆ ನಡೆಯುತ್ತ ನಂಜುಂಡಪ್ಪನವರಾಗುತ್ತಿದ್ದೆ — "ಇಂದಕ್ಕೋಗಿ, ಇಂದಕ್ಕೋಗಿ, ಇಂದೆ ಪೂರ್ತಿ ಖಾಲಿ ಐತೆ!" ಅಪ್ಪ ನಗುತ್ತಿದ್ದರು. ಬೆಂಚನ್ನೇ ತಂದುಕೊಟ್ಟೆನಲ್ಲ ಎಂದು ನಾನು ಹಾಯಾಗಿ ನಿದ್ದೆ ಮಾಡುತ್ತಿದ್ದೆ. ಮರುದಿನ ಮತ್ತೆ ಕೊತ್ತಂಬರಿ ಸೊಪ್ಪು, ಮತ್ತೆ ಗಾಜು, ಮತ್ತೆ ಇವತ್ತೊಂದು ದಿನ...

ಮೂರು ತಿಂಗಳಿಗೆ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಶುಗರ್ ಇಳಿದಿತ್ತು. ಅಮ್ಮನ ಮುಖ ಅರಳಿತು. "ನೋಡಿ, ಕೇಕ್ ಬಿಟ್ಟಿದ್ದಕ್ಕೆ ಹೆಂಗ್ ಇಳಿದಿದೆ!"

ಅಪ್ಪ ಈ ಸಲ "ನಾನಲ್ಲ" ಅನ್ನಲಿಲ್ಲ. "ಹೂಂ, ನೀನ್ ಹೇಳಿದ್ದೇ ಸರಿ," ಅಂದರು.

ಯಾರ ದನಿ ಬೇಕಾದರೂ ಕೇಳಿ, ಮಾಡಿ ತೋರಿಸುತ್ತೇನೆ. ಅಪ್ಪ ಅವತ್ತು ಹೇಳಿದ ಆ 'ಹೂಂ' ಮಾತ್ರ ಇವತ್ತಿಗೂ ಬಾಯಿಗೆ ಬಂದಿಲ್ಲ.

ಅದೇ ಸಂಜೆ ಅಡುಗೆಮನೆಯಲ್ಲಿ ಇಬ್ಬರ ಮುಂದೆಯೂ ಹೇಳಿದೆ. ಮೊದಲು ಗಂಟಲಿಗೆ ಬಂದದ್ದು ನಂಜುಂಡಪ್ಪನವರೇ. ಅವರನ್ನು ನುಂಗಿ, ನನ್ನ ದನಿಯಲ್ಲೇ ಹೇಳಿದೆ. ಎಂಥ ಬಡಕಲು ದನಿ ನನ್ನದು! ಅಪ್ಪ ಕೇಳಿದ್ದು ಒಂದೇ: "ಚೆನ್ನಾಗಿತ್ತೇನೋ?" ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಬೆಂಚಿಗೆ ಹೊರಟರು.

ಈಗಲೂ ಅಲ್ಲೇ ಕೂರುತ್ತಾರೆ. ಭಾನುವಾರ ನಾನೂ ಪಕ್ಕದಲ್ಲಿ ನಿಂತು ಸಪ್ಪೆ ಟೀ ಕುಡಿಯುತ್ತೇನೆ. ನಂಜುಂಡಪ್ಪನವರ ಎದುರೇ ನಂಜುಂಡಪ್ಪನವರಾಗಿ ಬೈಸಿಕೊಳ್ಳುತ್ತೇನೆ. ಹನಿ ಕೇಕ್ ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ. ತಿಂಗಳಿಗೊಂದು, ಅಮ್ಮನಿಗೆ ಹೇಳಿ. ಮುಂದಿನ ಮದುವೆ ಮನೆಯಲ್ಲಿ ಕಳ್ಳನ ಪಾತ್ರಕ್ಕೆ ನನ್ನ ಬಡಕಲು ದನಿಯನ್ನೇ ಕೊಡುತ್ತೇನೆ. ನಗದಿದ್ದರೆ ನಗದಿರಲಿ.

ಅವತ್ತು ಅಪ್ಪ ಹೋದ ಮೇಲೂ ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ಅಮ್ಮ ರಿಪೋರ್ಟನ್ನು ಮತ್ತೆ ಮತ್ತೆ ಮಡಚುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ — "ಆದ್ರೂ ಅಮ್ಮಾ, ಟೆರೇಸ್ ಸುತ್ತಿದ್ದಕ್ಕೆ ಶುಗರ್ ಇಳೀತಲ್ಲ, ಒಳ್ಳೇದೇ ಆಯ್ತಲ್ವಾ?" ಅಂದೆ.

ಅಮ್ಮ ತಲೆ ಎತ್ತಿದಳು.

"ಶುಗರ್ ಇಳೀತು ಕಣೋ. ನೀನ್ ಆಡ್ಕೊಂಡಿದ್ದಕ್ಕೆ, ನಾನ್ ನಕ್ಕಿದ್ದಕ್ಕೆ ಅವರ ತಲೇನೂ ಇಳೀತಲ್ಲ, ಅದಕ್ಕೆ ಯಾವ ಡಾಕ್ಟ್ರು?"