ಲಾಠಿಚಾರ್ಜಿನಲ್ಲಿ ನಕ್ಕವರು

ಸದಾಶಿವ ಪೇಠೆಯ ನಮ್ಮ ವಠಾರದಲ್ಲಿ ಧಾರವಾಡದ ಟೇಲರ್ ಮಾಸ್ತರರೊಬ್ಬರಿದ್ದರು. ಕೊರಳಲ್ಲಿ ಸದಾ ಟೇಪು, ಬಾಯಲ್ಲಿ ಒಂದೇ ಮಾತು: "ಎಲ್ಲಾ ಅಳತಿಯೊಳಗ ಇರಬೇಕ್ರಿ."

ತುರ್ತು ಪರಿಸ್ಥಿತಿಯ ಕಾಲದ ಎಳೆಯ ಪ್ರೇಮಿಗಳ ಸಿನಿಮಾವೊಂದರ ಶೂಟಿಂಗ್ ಹತ್ತಿರದ ಭೋರ್ ಎಂಬ ಊರಿನಲ್ಲಿ ನಡೆಯಿತು. ಲಾಠಿಚಾರ್ಜಿಗೆ ಹೆದರಿ ಓಡುವ ಗುಂಪಿನಲ್ಲಿ ಮಾಸ್ತರರಿಗೂ ಅವರ ಹೆಂಡತಿಗೂ ಕೈ ಹಿಡಿದು ಓಡುವ ಪಾತ್ರ.

ಸಿನಿಮಾ ಬಂದಾಗ ವಠಾರವೆಲ್ಲ ಹೋಗಿ ನೋಡಿದೆವು. ಪರದೆಯ ಮೇಲೆ ಊರೇ ಕಿರುಚುತ್ತ ಓಡುತ್ತಿದ್ದರೆ ಮಾಸ್ತರರೊಬ್ಬರೇ ಹಲ್ಲೆಲ್ಲ ಕಾಣುವಂತೆ ನಗುತ್ತ ಓಡುತ್ತಿದ್ದರು. ಆಮೇಲೆ ನಾಯಕ ನಾಯಕಿಯನ್ನು ಯಾರು ನೋಡುತ್ತಾರೆ!

"ಅಳತಿ ಎಲ್ಲಿ ಹೋತ್ರಿ ಮಾಸ್ತರ್?" ಎಂದೆ.

"ಏನ್ ಮಾಡ್ಲಿರಿ? ಮೂವತ್ತು ವರ್ಷದಾಗ ಆಕಿ ಒಮ್ಮೆನೂ ರಸ್ತೇದಾಗ ಕೈ ಹಿಡಿಯಾಕ ಬಿಟ್ಟಿಲ್ಲ. ಅಲ್ಲಿ ನಾ ನಕ್ಕಾಗೆಲ್ಲ ಡೈರೆಕ್ಟರ್ ಶಾಟ್ ಕೆಟ್ಟತು, ಮತ್ತ ಕೈ ಹಿಡಿದು ಓಡ್ರಿ ಅಂದ. ಅವಗ ಸಾಕಾಗೂತನಾ ನಕ್ಕೆ ನೋಡ್ರಿ!"