ಕಸ್ತೂರಮ್ಮನ ಬೆರಳು ಮತ್ತು ಒಂದು ಮಾತ್ರೆ

ನ್ಯಾಮತಿಯಲ್ಲಿ ರವಿಕೆ ಹೊಲಿಯುವ ಕಸ್ತೂರಮ್ಮ ಟೇಪು ಹಿಡಿಯುವುದು ಅಪರೂಪ. ಅಳತೆಗೆ ತಂದ ಹಳೆಯ ರವಿಕೆಯನ್ನು ಮಗುಚಿ ನೋಡಿ, "ದಪ್ಪ ಆಗೀರಿ, ಅರ್ಧ ಇಂಚು ಬಿಡ್ತೀನಿ" ಎಂದು ಮುಖಕ್ಕೇ ಹೇಳುತ್ತಾಳೆ. ಕ್ಯಾನ್ಸರ್ ಬಂದು ಎಡ ಸ್ತನವನ್ನು ತೆಗೆದ ಮೇಲೆ ತನ್ನ ರವಿಕೆಗೆ ತಾನೇ ಒಳಜೇಬು ಹೊಲಿದು ಹತ್ತಿ ತುಂಬಿಕೊಂಡಳು. ಮೊದಲ ಸಲ ಹೆಚ್ಚಾಯಿತು. ಕನ್ನಡಿ ನೋಡಿ ನಕ್ಕು, ಬಿಚ್ಚಿ ಮತ್ತೆ ಹೊಲಿದಳು.

ಅಂಥವಳು ದಿನವೂ ನುಂಗಬೇಕಾದ ಮಾತ್ರೆಯನ್ನು ನಿಲ್ಲಿಸಿಬಿಟ್ಟಳು. ಅದು ಶುರುವಾದಾಗಿನಿಂದ ಬೆಳಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಹುಕ್ಕು ಹೊಲಿಯಲು ಸೂಜಿ ನಿಲ್ಲದು. ನಿಲ್ಲಿಸಿದರೆ ಗಡ್ಡೆ ಮರಳಬಹುದೆಂಬ ಭಯದಿಂದ ಮಗಳು ಸುಚಿತ್ರಾ ನನ್ನನ್ನು ಕರೆಯಲು ಬಂದಳು. ನಾನು ಜೀವರಸಾಯನ ಕಲಿಸಿ ನಿವೃತ್ತಳಾದವಳು, ವೈದ್ಯಳಲ್ಲ ಎಂದು ಹೇಳಿಯೇ ಅಂಗಡಿಗೆ ಹೋದೆ.

"ಮಾತ್ರೆ ಯಾಕೆ ಬಿಟ್ಟೆ?"

"ಮೇಡಂ, ಅದು ಹೆಣ್ಣು ಹಾರ್ಮೋನ್ ತಡಿಯಾಕೆ ಅಂದ್ರು ಡಾಕ್ಟರು. ನನ್ನ ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆಸಿ ಎಷ್ಟೋ ವರ್ಷ ಆತು. ಅಂಗಡಿನೇ ಕಿತ್ತ ಮ್ಯಾಲೆ ಬೀಗ ಯಾಕ್ರೀ?"

ಪ್ರಶ್ನೆ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ಬೇರೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಅದನ್ನು ಸ್ತನದ ಮತ್ತು ಮೈಯ ಬೇರೆಡೆಯ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ ಎಂದೆ. ಆ ಕಿಣ್ವವನ್ನು ಮಾಡಿಸುವ ಜೀನ್ ಮೈಯಲ್ಲೆಲ್ಲ ಒಂದೇ, ಅದರ ಸ್ವಿಚ್ಚುಗಳು ಮಾತ್ರ ಹಲವು. ಅಂಡಾಶಯದ ಸ್ವಿಚ್ಚು ಮಿದುಳಿನ ಬುಡದ ಗ್ರಂಥಿಯ ಮಾತು ಕೇಳುತ್ತದೆ. ಕೊಬ್ಬಿನ ಸ್ವಿಚ್ಚು ಬೇರೆ. ಸಾಮಾನ್ಯವಾಗಿ ಅಲ್ಲಿ ಕಿಣ್ವ ಕಡಿಮೆ.

"ಮತ್ತೆ ಅದನ್ನ ಜೋರು ಮಾಡೋರು ಯಾರು?"

"ಗಡ್ಡೆಯೇ. ಅದೂ ಅದರ ಸುತ್ತಲಿನ ಉರಿಯೂತವೂ ಬಿಡುವ ರಾಸಾಯನಿಕಗಳಿಂದ ಪಕ್ಕದ ಕೊಬ್ಬಿನಲ್ಲಿ ಇನ್ನೂ ಬಲವಾದ ಸ್ವಿಚ್ಚು ಆನ್ ಆಗುತ್ತೆ. ಕಿಣ್ವ ಹೆಚ್ಚುತ್ತೆ, ಈಸ್ಟ್ರೋಜನ್ ಹೆಚ್ಚುತ್ತೆ. ಗಡ್ಡೆ ಬೆಳೆಯೋಕೆ ಅದೇ ಆಹಾರ."

ಕಸ್ತೂರಮ್ಮನ ಕತ್ತರಿ ನಿಂತಿತು. "ಅಲಲಾ! ಕಳ್ಳ ಒಳಗೆ ನುಗ್ಗಿ, ಮನೆಯವರ ಕೈಲೇ ಅಡುಗೆ ಮಾಡಿಸ್ಕೊಂಡು ಉಂಡಂಗಾತು! ಆದ್ರೆ ಆ ಕಳ್ಳನ್ನ ಕೊಯ್ದು ಹಾಕಿದ್ರಲ್ಲ?"

"ಅವನ ಕಡೆಯವನು ಒಬ್ಬ ಎಲ್ಲೋ ಅವಿತಿದ್ರೆ? ಅವನಿಗೆ ಊಟ ಸಿಗಬಾರದು ಅಂತ ಮಾತ್ರೆ."

"ಹಂಗಾದ್ರೆ ಆ ಕೆಟ್ಟ ಸ್ವಿಚ್ ಒಂದನ್ನೇ ಆರಿಸ್ಲಿ. ನನ್ನ ಬೆರಳಿನ ತಂಟೆಗೆ ಯಾಕೆ ಬರ್ತೈತೆ?"

ಮಾತ್ರೆ ಸ್ವಿಚ್ಚನ್ನು ಮುಟ್ಟುವುದಿಲ್ಲ, ಮೈಯ ಎಲ್ಲ ಕಡೆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಈಸ್ಟ್ರೋಜನ್ ಅಷ್ಟು ಇಳಿದಾಗ ಹಲವರಿಗೆ ಕೀಲು ಬಿಗಿಯುತ್ತದೆ. ಸ್ತನದ ಸ್ವಿಚ್ಚೊಂದನ್ನೇ ಆರಿಸುವ ಮದ್ದು ಇನ್ನೂ ಹುಡುಕಾಟದಲ್ಲಿದೆ ಎಂದು ಒಪ್ಪಿಕೊಂಡೆ.

"ಇಷ್ಟೆಲ್ಲ ಓದಿ, ಒಂದು ಬಲ್ಬ್ ಆರ್ಸಾಕೆ ಇಡೀ ಊರಿನ ಕರೆಂಟ್ ತೆಗೀತೀರಲ್ಲ ಮೇಡಂ!"

ಸುಚಿತ್ರಾ ನಗು ತಡೆಯಲಾರದೆ ಹೊರಗೆ ಹೋದಳು.

"ಬೆರಳು ನೋವು ಅಂತ ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ. ಮಾತ್ರೆ ಬಿಟ್ಟೀನಿ ಅಂದ್ರೆ ಬೈತಾರೆ."

"ಬೈಸಿಕೊ. ಹೇಳು."

ಆ ವಾರ ತಾಯಿ ಮಗಳು ಶಿವಮೊಗ್ಗಕ್ಕೆ ಹೋಗಿಬಂದರು. ವೈದ್ಯರು ಬೈದರು, ಬೈದು, ಅದೇ ಗುಂಪಿನ ಬೇರೆ ಮಾತ್ರೆ ಬರೆದರು, ಬೆರಳಿಗೆ ವ್ಯಾಯಾಮ ಹೇಳಿದರು. ಬಿಗಿತ ತಗ್ಗಿದೆ, ಹೋಗಿಲ್ಲ. ಕಸ್ತೂರಮ್ಮ ಮಾತ್ರೆ ತಪ್ಪಿಸುತ್ತಿಲ್ಲ. ಮೊನ್ನೆ ಗಿರಾಕಿಯೊಬ್ಬಳು ಬೆಳಗ್ಗೆಯೇ ರವಿಕೆ ಬೇಕೆಂದು ಹಟ ಹಿಡಿದಾಗ ಅವಳು ತಲೆ ಎತ್ತದೆ ಹೇಳಿದಳು: "ನನ್ನ ಬೆರಳು ಏಳೋದೇ ಹತ್ತು ಗಂಟೆಗೆ. ಅವಸರ ಇದ್ರೆ ರೆಡಿಮೇಡ್ ತಗಳ್ರಿ."