ಅತ್ತೆಯ ಲಿಂಗಪೂಜೆ, ಮೈದುನನ ಕುರ್ಚಿ

ನಮ್ಮ ಮನೆಗೆ ರಿಕ್ಲೈನರ್ ಎಂಬ ಒರಗುಕುರ್ಚಿ ಬಂದದ್ದು ನನ್ನ ಮೈದುನನ ಕೃಪೆಯಿಂದ. ಅವನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಜಿಗಣಿ ಕಡೆ ಮನೆ, ಎತ್ತರ ಆರಡಿಗೂ ಮೇಲೆ. ಅವ್ವನಿಗೆ ಸೊಂಟನೋವು ಅಂತ ಫೋನಿನಲ್ಲಿ ಕೇಳಿದ್ದೇ ತಡ, ಶೋರೂಮಿಗೆ ಹೋಗಿದ್ದಾನೆ, ಅಲ್ಲಿದ್ದ ಕುರ್ಚಿಗಳಲ್ಲಿ ಒಂದೊಂದಾಗಿ ಕೂತು ನೋಡಿದ್ದಾನೆ, ಕೊನೆಯದರಲ್ಲಿ ನಿದ್ದೆ ಹೋಗಿದ್ದಾನೆ. ಅಂಗಡಿಯವರು ಎಬ್ಬಿಸಿದ ಮೇಲೆ "ಇದನ್ನೇ ಕಳಿಸಿ" ಅಂದನಂತೆ. ಅತ್ತೆ ನಿಂತರೆ ಅವನ ಎದೆಯವರೆಗೂ ಬರುವುದಿಲ್ಲ. ಅದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಬಾಗಲಗುಂಟೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಮೆಟ್ಟಿಲಲ್ಲಿ ಹೊತ್ತು ತಂದವರು ಪ್ರತಿ ತಿರುವಿನಲ್ಲೂ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಹಾಲಿನಲ್ಲಿದ್ದ ದಿವಾನ ಬಾಲ್ಕನಿಗೆ ಹೋಯಿತು, ಬಾಲ್ಕನಿಯಲ್ಲಿದ್ದ ತುಳಸಿ ಕುಂಡ ಕಿಟಕಿ ಹತ್ತಿತು. ಕುರ್ಚಿ ಹಾಲಿನ ನಟ್ಟನಡುವೆ ಕೂತಿತು.

"ಇದೇನವಾ, ಹಲ್ಲು ಕೀಳೋ ಡಾಕ್ಟರ್ ಮನ್ಯಾನ ಕುರ್ಚಿ ಕಳಿಸ್ಯಾನ" ಅಂದರು ಅತ್ತೆ. ರಾಣೆಬೆನ್ನೂರು ಕಡೆಯವರು ಅವರು. ಎಷ್ಟೋ ವರ್ಷದಿಂದ ನಮ್ಮ ಜೊತೆಗಿದ್ದರೂ ಬೆಂಗಳೂರಿನ ಒಂದು ಅಕ್ಷರವೂ ಅವರ ನಾಲಿಗೆಗೆ ಹತ್ತಿಲ್ಲ. ಸಂಜೆಯವರೆಗೆ ಆ ಕುರ್ಚಿಯನ್ನು ಸುತ್ತು ಹಾಕಿಕೊಂಡೇ ಓಡಾಡಿದರು. ಧಾರಾವಾಹಿಯ ಹೊತ್ತಿಗೆ ಮೆಲ್ಲಗೆ ಹತ್ತಿ ಕೂತು, ಪಕ್ಕದ ಹಿಡಿಕೆ ಎಳೆದರು. ಕಾಲ ಕೆಳಗಿನಿಂದ ಹಲಗೆ ಧಡ್ ಅಂತ ಮೇಲೆದ್ದಿತು, ಬೆನ್ನು ಹಿಂದಕ್ಕೆ ಹೋಯಿತು. "ಶಿವನ" ಅಂದರು. ಅವತ್ತಿನಿಂದ ಇಳಿಯಲಿಲ್ಲ.

ಅದಕ್ಕೂ ಮುಂಚೆ ಅವರ ಸಂಸಾರವೆಲ್ಲ ನೆಲದ ಮೇಲೆ. ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ಶೇಂಗಾ ಸುಲಿಯುವುದು, ಮಧ್ಯೆ ಮಧ್ಯೆ ಮೊಣಕಾಲಿಗೆ ಕೈಕೊಟ್ಟು ಎದ್ದು ಒಲೆ ನೋಡಿ ಬರುವುದು. ಈಗ ಸೊಪ್ಪಿನ ಮೊರವೂ ಕುರ್ಚಿಗೇ ಬಂತು, ರೊಟ್ಟಿಯ ತಟ್ಟೆಯೂ ಬಂತು, ಊರಿನ ತಂಗಿಯ ಜೊತೆಗಿನ ಫೋನೂ ಅಲ್ಲಿಂದಲೇ. ನಿಜ ಹೇಳಬೇಕೆಂದರೆ ನನಗೆ ಹಬ್ಬ. ಒಲೆ ಮುಂದೆ ನಿಂತಾಗ ಹಿಂದಿನಿಂದ "ಒಗ್ಗರಣಿ ಸೀದೈತಿ ನೋಡು" ಅನ್ನುವವರಿಲ್ಲದೆ ಅಡುಗೆಮನೆ ತಣ್ಣಗಿತ್ತು.

ಆದರೆ ಸೊಂಟನೋವು ಕಮ್ಮಿಯಾಗುವ ಬದಲು ಕುತ್ತಿಗೆಯನ್ನೂ ಜೊತೆಗೆ ಕರೆದುಕೊಂಡಿತು. ಕುರ್ಚಿಯಿಂದ ಏಳಬೇಕೆಂದರೆ ಯಾರಾದರೂ ಕೈ ಕೊಡಬೇಕು. ನಡೆಯುವಾಗ ಮುಂದಕ್ಕೆ ಬಾಗುತ್ತಿದ್ದರು. ವಯಸ್ಸಾಯಿತಲ್ಲ ಅಂತ ನನ್ನ ಗಂಡ, ಬೆಂಗಳೂರಿನ ಥಂಡಿ ಅಂತ ಅತ್ತೆ. ಕುರ್ಚಿಯ ಮೇಲೆ ಯಾರಿಗೂ ಗುಮಾನಿ ಬರಲಿಲ್ಲ, ಅಷ್ಟು ಮೆತ್ತಗಿತ್ತು ಅದು.

ಏಟು ಬಿದ್ದದ್ದು ಪೂಜೆಗೆ. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ. ಕೊರಳಿನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಎದೆಮಟ್ಟಕ್ಕೆ ಎತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಅದನ್ನೇ ನೋಡುತ್ತಾರೆ. ಅದಾಗುವ ತನಕ ತಿಂಡಿ ಬೇಡ, ಚಹಾ ಬೇಡ, ಸಕ್ಕರೆ ಕಾಯಿಲೆಯ ಮಾತ್ರೆಯೂ ಬೇಡ. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದು ಇದನ್ನೇ. ನನ್ನ ಕೊರಳಲ್ಲೂ ಲಿಂಗವಿದೆ. ಆದರೆ ಪೀಣ್ಯದ ಪಂಪು ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದವಳು ಬೆಳಿಗ್ಗೆ ಕೂತು ಪೂಜೆ ಮಾಡಿದರೆ ಟಿಫಿನ್ ಬಾಕ್ಸ್ ಕಟ್ಟುವವರು ಯಾರು? ಸ್ನಾನವಾದ ಮೇಲೆ ಒಮ್ಮೆ ಕಣ್ಣಿಗೊತ್ತಿಕೊಂಡರೆ ನನ್ನದು ಮುಗಿಯಿತು. "ಬಸ್ ಸ್ಟ್ಯಾಂಡಿನ್ಯಾಗ ಕೈಮುಗಿದಂಗ" ಅಂತ ಅತ್ತೆ ಅದನ್ನು ಆಡಿಕೊಳ್ಳುತ್ತಿದ್ದರು.

ಈಗ ಅವರ ಬೆನ್ನು ನಿಲ್ಲುತ್ತಿರಲಿಲ್ಲ. ಮಣೆಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಬೆನ್ನು ಬಾಗಿ, ಲಿಂಗ ಹಿಡಿದ ಕೈ ತೊಡೆಗೆ ಇಳಿಯುತ್ತಿತ್ತು. ಬಲಗೈಯನ್ನು ನೆಲಕ್ಕೆ ಊರುತ್ತಿದ್ದರು. ನಡುವೆ ಎದ್ದು ಮಲಗಿ, ಮತ್ತೆ ಬಂದು ಮೊದಲಿನಿಂದ ಶುರು ಮಾಡುತ್ತಿದ್ದರು. "ಕುರ್ಚಿಯಲ್ಲೇ ಕೂತು ಮಾಡಿ ಅತ್ತೆ, ಶಿವನೇನು ಬೇಡ ಅಂತಾನಾ?" ಅಂದೆ. ಒಂದು ದಿನ ಮಾಡಿದರು ಕೂಡ. ಕೂತರು, ಜಾರಿದರು, ಕಾಲು ಚಾಚಿತು. ಅಂಗೈಯ ಲಿಂಗ ಹೊಟ್ಟೆಯ ಮೇಲಿತ್ತು. ತಟ್ಟನೆ ಲಿಂಗವನ್ನು ಕೊರಳಿಗೆ ಸೇರಿಸಿ ಕಣ್ಣು ಒರೆಸಿಕೊಂಡರು.

"ಪೂಜಿ ಅಂದ್ರ ಟೀವಿ ನೋಡೂದಲ್ಲವಾ" ಅಂದರು.

ತಿಂಡಿ ಹತ್ತು ಗಂಟೆ ದಾಟಿತು, ಆಮೇಲೆ ಹನ್ನೊಂದು. ನನ್ನ ಗಂಡ ಬೆಳಗಾಗುವ ಮುಂಚೆಯೇ ಫಸ್ಟ್ ಶಿಫ್ಟಿಗೆ ಹೊರಡುವವರು. ಅತ್ತೆಯ ಮುಂದೆ ಉಪ್ಪಿಟ್ಟು ಮುಚ್ಚಿಟ್ಟು, ಅವರ ಖಾಲಿ ಹೊಟ್ಟೆಯನ್ನು ತಲೆಯಲ್ಲಿ ಹೊತ್ತುಕೊಂಡು ನಾನು ಸ್ಕೂಟರ್ ಏರುತ್ತಿದ್ದೆ. ಒಂದು ಶನಿವಾರ ನನ್ನ ಕಣ್ಣೆದುರೇ ಅವರಿಗೆ ತಲೆ ಸುತ್ತಿತು. ಸಕ್ಕರೆ ನೀರು ಕುಡಿಸಲು ಹೋದರೆ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬಾಯಿ ಬಿಡಿಸಿ ಕುಡಿಸಿದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಡಾಕ್ಟರು ಸಕ್ಕರೆಯ ರಾತ್ರಿ ಮಾತ್ರೆ ಬದಲಾಯಿಸಿ, ಬೆನ್ನಿಗೆ ಫಿಸಿಯೋಥೆರಪಿಗೆ ಬರೆದುಕೊಟ್ಟರು. ನಾಗಸಂದ್ರದ ಕ್ಲಿನಿಕ್ಕಿನಿಂದ ಮನೆಗೇ ಬಂದ ಫಿಸಿಯೋ ಹುಡುಗಿ ನಗುನಗುತ್ತಾ "ಅಜ್ಜಿ, ನೀವು ದಿನಾ ಕೂರೋ ಹಾಗೆ ಕೂತ್ಕೊಳಿ ನೋಡೋಣ" ಅಂದಳು. ಅತ್ತೆ ಕುರ್ಚಿ ಏರಿದರು. ಅವರ ಸೊಂಟದ ಹಿಂದೆ ಅವಳು ಕೈ ತೂರಿಸಿದಳು. ಮೊಣಕೈವರೆಗೂ ಸಲೀಸಾಗಿ ಹೋಯಿತು.

"ಕುರ್ಚಿ ಕೆಟ್ಟದ್ದೇನಲ್ಲ ಮೇಡಂ, ಅಜ್ಜಿಗೆ ದೊಡ್ಡದಾಯ್ತು ಅಷ್ಟೆ. ಸೊಂಟಕ್ಕೆ ಸಿಗಬೇಕಾದ ಉಬ್ಬು ಭುಜಕ್ಕೆ ಸಿಕ್ತಿದೆ. ತಲೆದಿಂಬು ಕುತ್ತಿಗೇನ ಮುಂದಕ್ಕೆ ತಳ್ತಿದೆ. ಹಿಂದಕ್ಕೆ ಒರಗಿದ್ರೆ ಬೆನ್ನುಮೂಳೆ ಮೇಲಿನ ಭಾರ ಇಳಿಯುತ್ತೆ, ನಿಜ. ಆದ್ರೆ ಸೊಂಟ ಗಾಳೀಲಿ ತೂಗಾಡ್ತಿದ್ರೆ ಏನು ಪ್ರಯೋಜನ? ಅದೂ ಅಲ್ದೆ ದಿನವೆಲ್ಲ ಅದರಲ್ಲೇ ಇದ್ರೆ ಬೆನ್ನಿಗೆ ಕೆಲಸಾನೇ ಇರಲ್ಲ. ಸುಮ್ನಿದ್ದೂ ಸುಮ್ನಿದ್ದೂ ಸೋತು ಹೋಗುತ್ತೆ."

ಅತ್ತೆಗೆ ಇದ್ದದ್ದು ಒಂದೇ ಪ್ರಶ್ನೆ. "ಪೂಜಿಗೆ ಯಾವಾಗ ಕುಂದರತೀನಿ?"

"ಹೇಳಿಕೊಟ್ಟ ವ್ಯಾಯಾಮ ಮಾಡಿ ಅಜ್ಜಿ, ನಿಧಾನಕ್ಕೆ ಆಗುತ್ತೆ. ಅಲ್ಲೀವರೆಗೆ ಕೆಳಗೆ ಕಂಬಳಿ ಮಡಿಸಿ ಹಾಕ್ಕೊಂಡು ಗೋಡೆಗೆ ಒರಗಿ ಕೂತ್ಕೊಳಿ."

ಕುರ್ಚಿಯ ಸಮಸ್ಯೆ ಆ ಸಂಜೆಯೇ ಬಗೆಹರಿಯಿತು. ಊರಿನಿಂದ ತಂದ ಹಳೆಯ ಕೌದಿಯೊಂದನ್ನು ಸುರುಳಿ ಸುತ್ತಿ ಸೊಂಟದ ಹಿಂದಿಟ್ಟೆವು. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಎದ್ದು ಬಾಲ್ಕನಿವರೆಗೆ ಹೋಗಿ ಬರಬೇಕೆಂದು ಕರಾರಾಯಿತು. ಆಮೇಲೆ ಟೀವಿಯವರ ಜಾಹೀರಾತಿನ ಚಟದಿಂದ ಅತ್ತೆಗೆ ಒಳ್ಳೆಯ ವ್ಯಾಯಾಮವೇ ಆಯಿತೆನ್ನಿ.

ತಕರಾರು ಗೋಡೆಯದು. ನಮ್ಮ ಹಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತರೆ ಬೆನ್ನ ಹಿಂದೆ ಬರುವುದು ಫ್ರಿಜ್ಜು ಮತ್ತು ಬಚ್ಚಲ ಬಾಗಿಲು. ಬಾಗಿಲಿಗೆ ಒರಗಿದರೆ ಅದು ಒಳಕ್ಕೆ ತೆರೆಯುತ್ತದೆ. ಫ್ರಿಜ್ಜಿಗೆ ಒರಗಿದರೆ, "ನಡುನಡುವ ಗುರ್ ಅಂತೈತಿ, ಧ್ಯಾನ ಹೆಂಗ ಹತ್ತಬೇಕು?" ದಿಂಬು ಒಟ್ಟಿದೆ, ಜಾರಿದವು. ದಿವಾನದ ಹಾಸಿಗೆ ಮಡಿಸಿ ನಿಲ್ಲಿಸಿದೆ, ಅತ್ತೆಯ ಜೊತೆ ಅದೂ ಮಲಗಿತು.

ಒಂದು ಬೆಳಿಗ್ಗೆ ಸ್ಕೂಟರ್ ಕೀಲಿ ಹಿಡಿದು ಬಾಗಿಲಿಗೆ ಹೋಗಿದ್ದೆ. ತಿರುಗಿ ನೋಡಿದರೆ ಅತ್ತೆಯ ಕೈ ಮತ್ತೆ ಇಳಿಯುತ್ತಿತ್ತು. ಅವರು ಅದನ್ನು ಎತ್ತುತ್ತಿದ್ದರು, ಅದು ಇಳಿಯುತ್ತಿತ್ತು. ಕೀಲಿಯನ್ನು ಟೀಪಾಯಿಯ ಮೇಲೆ ಎಸೆದು, ಹೋಗಿ ಅವರ ಹಿಂದೆ ಕಾಲು ಮಡಿಸಿ ಕೂತುಬಿಟ್ಟೆ. ಅವರ ಬೆನ್ನಿಗೆ ನನ್ನ ಬೆನ್ನು.

"ಒರಗಿಕೊಳ್ಳಿ. ನಾನೇನು ಗುರ್ ಅನ್ನಲ್ಲ."

ಸ್ವಲ್ಪ ಹೊತ್ತು ಬಿಗಿಯಾಗೇ ಇದ್ದರು. ಆಮೇಲೆ ಮೆಲ್ಲಗೆ ಭಾರ ಬಿಟ್ಟರು. ಭಾರವೇನು ಬಂತು, ಇಷ್ಟು ದಿನ ನನ್ನನ್ನು ಅಡುಗೆಮನೆಯಲ್ಲಿ ಆಳಿದವರ ಬೆನ್ನು ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ. ರವಿಕೆಯ ಮೇಲಿಂದಲೂ ಎಲುಬು ತಗುಲುತ್ತಿತ್ತು. ನನಗೆ ಅಳು ಬಂತು. ನನ್ನ ಮುಖ ಬಚ್ಚಲ ಬಾಗಿಲ ಕಡೆಗಿದ್ದದ್ದು ಒಳ್ಳೆಯದೇ ಆಯಿತು.

"ಖಾಲಿ ಕೈಲಿ ಯಾಕ ಕುಂತಿ? ನಿಂದೂ ತಗೋ" ಅಂದರು ಅತ್ತೆ, ತಿರುಗದೆ. ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಅವತ್ತು ಅವರ ಪೂಜೆ ಮುಗಿದು, ಒಂಬತ್ತಕ್ಕೆ ಮುಂಚೆ ಬಿಸಿ ಉಪ್ಪಿಟ್ಟು ತಿಂದರು. ನಾನು ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಮರುದಿನದಿಂದ ಬೇಗ ಏಳುವುದು ರೂಢಿಯಾಯಿತು. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಇದ್ದಷ್ಟು ಹೊತ್ತು ಒಗ್ಗರಣೆಯ ಮಾತಿಲ್ಲ. ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತು ಹಿಡಿದುಕೊಂಡಿದ್ದ ನನ್ನ ಬೆನ್ನೂ ಅಲ್ಲಿ ಒಂದಿಷ್ಟು ಸಡಿಲಾಗುತ್ತಿತ್ತು. ಮೈದುನ ಭಾನುವಾರ ಬಂದವನು ನಮ್ಮಿಬ್ಬರನ್ನೂ ನೋಡಿ, ಹೋಗಿ ತಾನು ಕೊಡಿಸಿದ ಕುರ್ಚಿಯಲ್ಲಿ ನಿದ್ದೆ ಮಾಡಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಯಾರ ಕೈಯೂ ಹಿಡಿಯದೆ ಏಳುತ್ತಿದ್ದರು, ಒಲೆ ಹತ್ತಿರವೂ ಸುಳಿದಾಡತೊಡಗಿದ್ದರು. ಒಂದು ಬೆಳಿಗ್ಗೆ ಪೂಜೆಯ ನಡುವೆ ನನಗೆ ಏನೋ ಅನ್ನಿಸಿತು. ನನ್ನ ಬೆನ್ನಿನ ಮೇಲೆ ಭಾರವೇ ಇರಲಿಲ್ಲ. ಅತ್ತೆ ತಮ್ಮಷ್ಟಕ್ಕೆ ತಾವು ನೆಟ್ಟಗೆ ಕೂತಿದ್ದರು.

"ಅತ್ತೆ, ನೀವು ಒರಗೇ ಇಲ್ವಲ್ಲ?"

"ಒರಗೂದು ಬಿಟ್ಟು ಭಾಳ ದಿನ ಆತು."

"ಹೇಳಬಾರದಿತ್ತಾ? ನಾನು ಎದ್ದು ಹೋಗ್ತಿದ್ದೆ."

ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡರು. ಪೂಜೆ ಮುಗಿದಿತ್ತು, ಆದರೂ ಕೂತೇ ಇದ್ದರು.

"ಹೆಂಗ ಹೇಳಲಿ" ಅಂದರು. "ನೀ ನನಗ ಒರಗಿದ್ದ್ಯಲ್ಲ."